ಮೌಶಿಯ ಶನಿವಾರದ ಟಿಕೆಟ್ಟು

ಹಳೆಯ ಕಾಲೇಜು ನೋಟ್‌ಬುಕ್ಕಿನಿಂದ ಮೊನ್ನೆ ಲೋಕಲ್ ರೈಲಿನ ಟಿಕೆಟ್ಟೊಂದು ಜಾರಿ ಬಿತ್ತು. ಠಾಣೆ ಸ್ಟೇಷನ್ನಿನಿಂದ ಸಾನಪಾಡಾಕ್ಕೆ. ಶಾಯಿ ಮಾಸಿದೆ. ಆದರೂ ಎತ್ತಿಕೊಂಡ ಕೂಡಲೇ ನನ್ನ ಬಲ ಮಣಿಕಟ್ಟು ಬಿಗಿಯಿತು...

ಅದು ಮೌಶಿಯ ಟಿಕೆಟ್ಟು. ಠಾಣೆ ಊರಿನ ನಮ್ಮ ಸಾಲುಮನೆ ಚಾಳಿನಲ್ಲಿ ಎದುರು ಬಾಗಿಲಿನವರು; ಚಿಕ್ಕಮ್ಮ ಎಂಬಂತೆ ಎಲ್ಲರೂ ಮೌಶಿ ಎನ್ನುತ್ತಿದ್ದರು. ಮರಾಠಿ ಮಾತು, ಕಚ್ಚೆ ಸೀರೆ, ತೆಂಗಿನ ಹಾಲಿನ ಮೀನುಸಾರು. ಬಾಗಿಲ ಚೌಕಟ್ಟಿಗೆ ಬಡಿದಿದ್ದ ಪುಟ್ಟ ಹಿತ್ತಾಳೆ ಕೊಳವೆಯನ್ನು ಮುಟ್ಟಿ, ಬೆರಳಿಗೆ ಮುತ್ತಿಟ್ಟು ಒಳಗೆ ಹೋಗುತ್ತಿದ್ದರು. ಶನಿವಾರ ಒಲೆ ಹಚ್ಚುತ್ತಿರಲಿಲ್ಲ, ದುಡ್ಡು ಮುಟ್ಟುತ್ತಿರಲಿಲ್ಲ, ರಿಕ್ಷಾ ಕೂಡ ಹತ್ತುತ್ತಿರಲಿಲ್ಲ. ಉಡುಪಿ ಕಡೆಯ ನಮ್ಮಮ್ಮ, "ಪಾಪ, ಎಂಥ ಶನಿಕಾಟವೋ ಮಾರಾಯ್ತಿ, ಇಷ್ಟು ಕಠಿಣ ವ್ರತ!" ಎಂದು ಮರುಗುತ್ತಿದ್ದಳು. ಶನಿದೇವರ ದೀಪಕ್ಕೆಂದು ಎಳ್ಳೆಣ್ಣೆಯನ್ನೂ ಕೊಡುತ್ತಿದ್ದಳು. ಮೌಶಿ ನಗುತ್ತಲೇ ತೆಗೆದುಕೊಳ್ಳುತ್ತಿದ್ದರು.

ಬಿ.ಎ. ಎರಡನೇ ವರ್ಷದಲ್ಲಿ ಮನೆಯಲ್ಲಿ ಬರೆದು ತರಲು ಒಂದು ಪ್ರಶ್ನೆ ಕೊಟ್ಟಿದ್ದರು: ಯಹೂದಿ ಧರ್ಮಗ್ರಂಥದಲ್ಲಿ ಏಳನೆಯ ದಿನದ ವಿಶ್ರಾಂತಿ ಎಂದರೇನು? ಅದನ್ನು ಯಾವಾಗ ಮುರಿಯಬಹುದು? ಸೈಬರ್ ಕೆಫೆಯಲ್ಲಿ ಕೂತು ಅಂತರ್ಜಾಲದ ಅಪರಿಚಿತರನ್ನು ಕೇಳಿದೆ. ಒಬ್ಬ ಪುಟಗಟ್ಟಲೆ ಉತ್ತರ ಬರೆದ. ನಿವೃತ್ತ ಪ್ರಾಧ್ಯಾಪಕನೆಂದ, ನನ್ನನ್ನು ಮಗಳೇ ಎಂದ. ಎರಡನೆಯ ಪ್ರಶ್ನೆಗೆ ಮಾತ್ರ, ಪುಸ್ತಕವನ್ನೇ ಕೊಡುತ್ತೇನೆ, ಶನಿವಾರ ಸಾನಪಾಡಾ ಸ್ಟೇಷನ್ನಿನ ಹೊರಗೆ ಬಾ ಎಂದ.

ಹೊರಟಾಗ ಮೌಶಿ ಬಾಗಿಲಲ್ಲಿದ್ದರು. ಅಮ್ಮನಿಂದ ಕಲಿತ ಕನ್ನಡಕ್ಕೆ ಮರಾಠಿ ಬೆರೆಸಿ, "ಕುಠೆ ಹೊರಟೆ ಗ, ಎಲ್ಲಿಗೆ?" ಎಂದರು. ಎಲ್ಲ ಹೇಳಿದೆ.

"ಅವನ ಮುಖ ನೋಡಿದ್ದೀಯಾ?"

"ಇಲ್ಲ. ಆದರೆ ಯಹೂದಿಗಳದ್ದು ಎಲ್ಲ ಗೊತ್ತುಂಟು ಅವರಿಗೆ."

ಮೌಶಿ ಏನೋ ಹೇಳಲು ಬಾಯಿ ತೆರೆದರು... ನಾನು ಆಗಲೇ ಮೆಟ್ಟಿಲಿಳಿಯುತ್ತಿದ್ದೆ.

ಬಂದವನಿಗೆ ನಲವತ್ತೂ ಆಗಿರಲಿಲ್ಲ. ಕೈಯಲ್ಲಿ ಪುಸ್ತಕವೂ ಇರಲಿಲ್ಲ. "ಕಿತಾಬ್ ರೂಮ್ ಪೇ ಹೈ, ಪಾಂಚ್ ಮಿನಿಟ್," ಎನ್ನುತ್ತ ನನ್ನ ಮಣಿಕಟ್ಟು ಹಿಡಿದ. ಕಾರಿನ ಬಾಗಿಲು ತೆರೆದೇ ಇತ್ತು. ಆ ಬಾಗಿಲಿಗೂ ನನಗೂ ನಡುವೆ ಇದ್ದ ಹೆಜ್ಜೆಗಳನ್ನು ಇವತ್ತಿಗೂ ಎಣಿಸುತ್ತಿರುತ್ತೇನೆ. ನಾಲ್ಕು...

"ಏ ಮೇಲ್ಯಾ, ಹಾತ್ ಸೋಡ್ ತಿಚಾ!"

ಅವಳ ಕೈ ಬಿಡು ಎಂದು ಕೂಗುತ್ತ ಸ್ಟೇಷನ್ನಿನಿಂದ ಮೌಶಿ ಬರುತ್ತಿದ್ದರು, ಕೈಯಲ್ಲಿ ಚಪ್ಪಲಿ. ರಿಕ್ಷಾದವರೆಲ್ಲ ತಿರುಗಿ ನೋಡಿದರು. ಅವನು ಕೈ ಬಿಟ್ಟು ಕಾರು ಹತ್ತಿ ಹೋದ.

ತಾವು ಮತ್ತೆ ದುಡ್ಡು ಮುಟ್ಟದೆ, ವಾಪಸಿನ ಟಿಕೆಟ್ಟನ್ನು ನನ್ನಿಂದಲೇ ತೆಗೆಸಿದರು. ರೈಲಿನಲ್ಲಿ ನನ್ನ ಅಳು ನಿಂತ ಮೇಲೆ ಹೇಳಿದರು: "ನಾವೇ ಯಹೂದಿಗಳು ಗ, ವೇಡೆ, ಹುಚ್ಚಿ. ಬಾಗಿಲ ಕೊಳವೆಯಲ್ಲಿರುವುದೂ ನಮ್ಮ ಗ್ರಂಥದ ಮಾತೇ. ಎದುರು ಬಾಗಿಲು ತಟ್ಟಿದ್ದರೆ ಸಾಕಿತ್ತು."

"ಅಮ್ಮ ಎಣ್ಣೆ ಕೊಡುವಾಗ ಯಾಕೆ ಹೇಳಲಿಲ್ಲ ಮೌಶಿ?"

"ಎಣ್ಣೆ ಚೆನ್ನಾಗಿತ್ತು."

ಅಳುವಿನ ನಡುವೆಯೂ ನಗು ಬಂತು. "ಇವತ್ತು ಶನಿವಾರ... ದುಡ್ಡು ಮುಟ್ಟಿದಿರಿ, ರೈಲು ಹತ್ತಿದಿರಿ."

"ಒಂದು ಜೀವ ಅಪಾಯದಲ್ಲಿದ್ದರೆ ಹತ್ತಲೇಬೇಕು. ಅದೂ ನಮ್ಮ ನಿಯಮವೇ. ಬರೆದುಕೋ." ಸೆರಗಿನ ಗಂಟು ಬಿಚ್ಚಿ ತಮ್ಮ ಟಿಕೆಟ್ಟನ್ನು ನನ್ನ ನೋಟ್‌ಬುಕ್ಕಿನಲ್ಲಿಟ್ಟರು. "ಇದು ನಿನ್ನ ಹತ್ತಿರವೇ ಇರಲಿ. ಶನಿವಾರ ಕೊಂಡದ್ದು ನನ್ನ ಮನೆಗೆ ಬೇಡ."

ಆ ಉತ್ತರಕ್ಕೆ ಒಳ್ಳೆಯ ಅಂಕ ಬಂತು. ಆ ದಿನದ ಮಾತೆತ್ತಲು ಹೆದರಿ ಮೌಶಿಗೆ ತೋರಿಸಲೇ ಇಲ್ಲ. ಅಮ್ಮನಿಗೂ ನಾವಿಬ್ಬರೂ ಹೇಳಲಿಲ್ಲ. ಅವಳು ಎಣ್ಣೆ ಕೊಡುತ್ತಲೇ ಇದ್ದಳು.

ಈಗ ಚಾಳಿಲ್ಲ, ಎದುರು ಬಾಗಿಲಿಲ್ಲ, ಮೌಶಿಯೂ ಇಲ್ಲ. ನನ್ನ ಬಳಿ ಉಳಿದಿರುವುದು ಅವರು ಹೋಗುವಾಗ ಕೊಂಡ ಟಿಕೆಟ್ಟು. ಅವರನ್ನು ಮನೆಗೆ ಕರೆತರಲು ನಾನು ಕೊಂಡದ್ದು ಎಲ್ಲಿ ಕಳೆಯಿತೋ...