ಫೋನಿಗೆ ಹೇಳಿದರೆ ಹೆಂಡತಿಗೆ ಹೇಳಿದಂತೆ

ನನ್ನ ತಂಗಿಯ ಗಂಡ ನಟ್ಟು ಬೋಲ್ಟಿನ ಗೋದಾಮಿನಲ್ಲಿ ಮೂವತ್ತೊಂದು ವರ್ಷದಿಂದ ಸ್ಟೋರ್‌ಕೀಪರ್. ಮನೆಯಲ್ಲಿ ಬಾಯಿ ಬಿಟ್ಟರೆ ಗದರಿಕೆ, ಇಲ್ಲವೇ ಮೌನ. ಉಪ್ಪು ಬೇಕಾದರೂ ಬೆರಳು ತೋರಿಸುವ ಮಹಾನುಭಾವ. ಹೋದ ವರ್ಷ ಗೋದಾಮಿನವರು ಅವನ ಕಿವಿಗೊಂದು ಮೈಕಿನ ಯಂತ್ರ ಸಿಕ್ಕಿಸಿದರು. ಯಾವ ಕಪಾಟು, ಎಷ್ಟು ಡಬ್ಬಿ ಎಂದು ಬಿಡಿಸಿ ಹೇಳಿದರೆ ಕಂಪ್ಯೂಟರ್ ಬರೆದುಕೊಳ್ಳುತ್ತದೆ. ಗದರಿದರೆ "ಮತ್ತೊಮ್ಮೆ ಹೇಳಿ" ಎನ್ನುತ್ತದೆ. ಒಂದೇ ತಿಂಗಳಲ್ಲಿ ಆಸಾಮಿಯ ಬಾಯಿ ಬೆಣ್ಣೆಯಾಯಿತು. ಮನೆಗೆ ಬಂದರೂ ಫೋನಿನ ಹತ್ತಿರ, "ದಯವಿಟ್ಟು ಆರಕ್ಕೆ ಎಬ್ಬಿಸಮ್ಮ" ಎಂಬ ವಿನಯ. ಹೆಂಡತಿಗೆ ಮಾತ್ರ ಅದೇ ಹಳೆಯ ಗಂಟುಮೋರೆ.

ತಂಗಿಗೆ ಕಣ್ಣಿನ ಪೊರೆ ತೆಗೆಸುವುದಿತ್ತು. ಜೊತೆಗೆ ಬರುತ್ತೀರಾ ಎಂದು ಎಂಟು ದಿನ ಕೇಳಿದಳು. ಅವನು ತುಟಿ ಬಿಚ್ಚಲಿಲ್ಲ. ಕಡೆಗೆ ನನ್ನನ್ನು ಕರೆಸಿಕೊಂಡಳು.

ಆ ಮಂಗಳವಾರ ಬೆಳಿಗ್ಗೆ ನಾವಿಬ್ಬರೂ ಚಪ್ಪಲಿ ಮೆಟ್ಟುವಾಗ ಅವನು ಇಸ್ತ್ರಿ ಅಂಗಿ ತೊಟ್ಟು ಬಂದ.

"ಏನತ್ತಿಗೆ, ನೀವ್ಯಾಕೆ ಬಂದ್ರಿ? ನಾನು ರಜಾ ಹಾಕಿದೀನಲ್ಲ! ಹೇಳಿದ್ನಲ್ಲ!"

"ಯಾರಿಗೆ ಹೇಳಿದ್ರಿ?" ಎಂದಳು ತಂಗಿ.

ಅವನು ಫೋನನ್ನು ಮುಂದೆ ಹಿಡಿದ. ಅದು ಹೇಳಿತು: "ಇಂದು ಹತ್ತು ಗಂಟೆಗೆ ಹೆಂಡತಿಯ ಕಣ್ಣಿನ ಆಪರೇಷನ್. ಜೊತೆಗೆ ಹೋಗಬೇಕು." ಹೋದ ವಾರವೇ ಅದಕ್ಕೆ ಹೇಳಿಟ್ಟಿದ್ದನಂತೆ. ಅಲ್ಲಿಗೆ ಮನೆಮಂದಿಗೆಲ್ಲ ಹೇಳಿದಂತಾಯಿತೆಂದು ಅವನ ಎಣಿಕೆ.

"ಹಾಗಾದ್ರೆ ಅದನ್ನೇ ಕರ್ಕೊಂಡ್ ಹೋಗಿ, ಅದಕ್ಕೇ ಆಪರೇಷನ್ ಮಾಡಿಸ್ಕೊಂಡ್ ಬನ್ನಿ. ನಡಿ ಅಕ್ಕ."

ನಾವು ಮೆಟ್ಟಿಲಿಳಿದೆವು. ಬಾಗಿಲಲ್ಲಿ ನಿಂತ ಆ ಗಂಡಸು ಫೋನನ್ನು ಬಾಯಿಯ ಹತ್ತಿರ ಹಿಡಿದು, "ದಯವಿಟ್ಟು ಅವಳಿಗೆ ನಿಲ್ಲೋಕೆ ಹೇಳಮ್ಮ" ಎನ್ನುತ್ತಿದ್ದ.