ಹಾಸಿಗೆ ಹೊತ್ತವನ ಚಿತ್ರ

ನಂಜನಗೂಡಿನ ಒಂದು ಆಸ್ಪತ್ರೆಯಲ್ಲಿ ನಾನು ಮೇಟ್ರನ್ ಆಗಿದ್ದಾಗ, ಕಾನ್ವೆಂಟಿನ ಸಿಸ್ಟರ್ ಕೊಟ್ಟಿದ್ದ ಹಳೆಯ ಫ್ರೆಂಚ್ ಅಚ್ಚುಚಿತ್ರವೊಂದನ್ನು ವಾರ್ಡಿನ ಗೋಡೆಗೆ ಹಾಕಿಸಿದ್ದೆ. ಯೇಸು ವಾಸಿಮಾಡಿದ ಪಾರ್ಶ್ವವಾಯು ರೋಗಿ ತನ್ನ ಹಾಸಿಗೆಯನ್ನು ಹೆಗಲಿಗೇರಿಸಿಕೊಂಡು ನಡೆದುಹೋಗುವ ಚಿತ್ರ ಅದು.

ಅದರ ಎದುರಿನ ಮಂಚದಲ್ಲಿ ಹುಲ್ಲಹಳ್ಳಿಯ ಸಿದ್ದಪ್ಪ ಮಲಗಿದ್ದರು. ಮುರಿದ ಕಾಲು ಕೂಡಿಕೊಂಡಿತ್ತು. ಇನ್ನೂ ನಡೆಯದಿದ್ದರೆ ಮಂಡಿ ಬಿಗಿದೇ ಹೋಗುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ನಾನು ಎಷ್ಟು ಗದರಿದರೂ, "ಆಗಾಕಿಲ್ಲ ಮೇಡಮ್ಮಾ" ಎಂದು ಮುಸುಕೆಳೆದುಕೊಳ್ಳುತ್ತಿದ್ದರು. ಒಂದು ಬೆಳಿಗ್ಗೆ ಚಿತ್ರ ತೋರಿಸಿ, "ಇವರೂ ನಿಮ್ಮ ಹಾಗೇ ಮಲಗಿದ್ದವರು. ಎದ್ದು ಹೊರಟರು ನೋಡಿ" ಎಂದೆ. ಅವರು ಬಹಳ ಹೊತ್ತು ನೋಡಿದರು.

ಮಧ್ಯಾಹ್ನ ರೌಂಡ್ಸಿಗೆ ಬಂದರೆ ಮಂಚದ ಮೇಲೆ ಏನೂ ಇಲ್ಲ. ಸಿದ್ದಪ್ಪ ಸುತ್ತಿದ ಹಾಸಿಗೆಯನ್ನು ಹೆಗಲ ಮೇಲಿಟ್ಟುಕೊಂಡು, ಕುಂಟುತ್ತಾ ಗೇಟಿನವರೆಗೆ ತಲುಪಿದ್ದರು.

"ಹಾಸಿಗೆ ಎಲ್ಲಿಗ್ರೀ?"

"ವಾಸಿಯಾದೋರು ತಕ್ಕೊಂಡೋಗ್ಬೇಕಲ್ವಾ ಮೇಡಮ್ಮಾ? ನೀವೇ ತೋರ್ಸುದ್ರಲ್ಲ!"

"ಅದು ಆಸ್ಪತ್ರೆಯದು. ವಾಪಸ್ ಇಟ್ಟು ಬನ್ನಿ."

"ಅಯ್ಯೋ, ಅಲ್ಲೀಗಂಟ ಮತ್ತೆ ನಡೀಬೇಕಾ?"

"ನಡೀಲೇಬೇಕು."

ನಡೆದರು.

ಆಮೇಲೆ ಏಳಲೊಲ್ಲದ ರೋಗಿಗಳನ್ನೆಲ್ಲ ಆ ಚಿತ್ರದ ಎದುರಿಗೇ ಮಲಗಿಸುತ್ತಿದ್ದೆ. ಗೇಟಿನ ಕಾವಲುಗಾರನಿಗೆ ಮಾತ್ರ, ಹೊರಗೆ ಹೋಗುವವರ ಹೆಗಲು ನೋಡು ಎಂದು ಹೇಳಿದ್ದೆ.