ನಿಂತೇ ಇದ್ದ ಮೋತ್ಯಾ

ಅಥವಾ ಮೊಣಕೈ ಅಗಲಿಸಿ, ಕತ್ತು ಮುಂದೆ ಚಾಚಿ ನಿಂತದ್ದು ಮೋತ್ಯಾ ಎಂಬ ನಾಯಿ ಅಲ್ಲವೇನೋ. ಈಗ ಕುರ್ಚಿಯಲ್ಲಿ ಹಾಗೆಯೇ ಕೂತಿರುವ ನಾನು ನನ್ನ ಭಂಗಿಯನ್ನು ಅದಕ್ಕೆ ತೊಡಿಸುತ್ತಿರಬಹುದು. ಅಂಗಾತ ಮಲಗಿದರೆ ನನಗೆ ಉಸಿರು ಕಟ್ಟುತ್ತದೆ. ಎದೆಯಲ್ಲಿ ನೀರು ಸೇರಿದೆಯಂತೆ. ಮೂರು ದಿಂಬು ಇಟ್ಟುಕೊಳ್ಳಿ ಎಂದರು ಡಾಕ್ಟರು. ಎರಡಕ್ಕೆ ಒಪ್ಪಿದ್ದೇನೆ, ಮೂರನೆಯದು ಮುದುಕರಿಗೆ ಎಂದು, ಎಂಬತ್ತು ದಾಟಿದ ನಾನು, ಮಗಳೊಂದಿಗೆ ವಾದ ಹೂಡಿದ್ದೇನೆ. ಆ ದಿಂಬು ಎದುರಿಗೇ ಇದೆ. ಅದನ್ನು ನೋಡುತ್ತ ಬಬಲೇಶ್ವರದ ಕಣ ನೆನಪಾಯಿತು.

ಐವತ್ತರ ದಶಕದ ಕೊನೆಯೋ, ಅರವತ್ತರ ಮೊದಲೋ. ವಿಜಾಪುರದಲ್ಲಿ ಕಾಲೇಜು ಓದುತ್ತಿದ್ದ ನಾನು ಸುಗ್ಗಿಗೆಂದು ಚಿಗವ್ವನ ಊರಿಗೆ ಹೋಗಿದ್ದೆ. ಕಣದಲ್ಲಿ ಬಿಳಿಜೋಳದ ರಾಶಿ. ಪಕ್ಕದಲ್ಲಿ ಅವಳ ಮೋತ್ಯಾ, ಕಂದು ಬಣ್ಣದ್ದು. ಬಿಳಿಯೂ ಇರಬಹುದು, ಬಣ್ಣದ ವಿಷಯದಲ್ಲಿ ನನ್ನನ್ನು ನಂಬಬೇಡಿ. ಅದು ಕೂರುತ್ತಿರಲಿಲ್ಲ, ಮಲಗುತ್ತಿರಲಿಲ್ಲ. ಮುಂಗಾಲು ಅಗಲಿಸಿ ನಿಂತೇ ಇರುತ್ತಿತ್ತು. ಚಿಗವ್ವನಿಗೆ ಹೆಮ್ಮೆಯೋ ಹೆಮ್ಮೆ.

“ನೋಡೋ ತಮ್ಮಾ, ನಿಮ್ಮ ಕಾಕಾ ಬೇವಿನ ಗಿಡದ ಬುಡಕ ಕಾಲ ಚಾಚಿ ಬಿದ್ದಾರ. ನಾಯಿ ನಿಂತು ರಾಶಿ ಕಾಯಾಕತ್ತೈತಿ!”

ಕಾಕಾ ಕಣ್ಣು ತೆರೆಯದೆಯೇ, “ಹಂಗಾರ ಅದಕ್ಕ ಒಂದ ರೊಟ್ಟಿ ಹೆಚ್ಚಿಗಿ ಹಾಕಬೇ. ನನ್ನ ನಿದ್ದಿ ಕೆಡಸಬ್ಯಾಡ” ಅಂದರು.

ಹಾಕಿದ ರೊಟ್ಟಿ ಹಾಗೆಯೇ ಬಿದ್ದಿತ್ತು. “ಕೆಲಸದಾಗ ಊಟದ ಖಬರ ಇಲ್ಲ ಅದಕ್ಕ,” ಎಂದಳು ಚಿಗವ್ವ. ನಾವೆಲ್ಲ ನಕ್ಕೆವು.

ಜೋಳ ಚೀಲ ತುಂಬಿ ಮನೆ ಸೇರಿತು. ಕಣ ಬರಿದಾಯಿತು. ಮೋತ್ಯಾ ಮಾತ್ರ ಅಲ್ಲೇ ನಿಂತಿತ್ತು, ಏನೂ ಇಲ್ಲದ ನೆಲವನ್ನು ಕಾಯುತ್ತ. ಆಗ ಯಾರೂ ನಗಲಿಲ್ಲ.

“ಯಪ್ಪಾ, ರಾಶಿ ಮನಿಗಿ ಹೋತೋ. ಇನ್ನ ಮಲಗೋ,” ಚಿಗವ್ವ ಅದರ ಬೆನ್ನು ಒತ್ತಿದಳು. ಮಲಗಿತು, ಮರುಕ್ಷಣವೇ ಬಾಯಿ ತೆರೆದು ತಡವರಿಸುತ್ತ ಎದ್ದಿತು. ಅವಳು ಅದರ ಪಕ್ಕೆಗೆ ಕಿವಿಯಿಟ್ಟಳು.

“ಇದು ಕಾಯಾಕ ನಿಂತಿದ್ದಲ್ಲೋ ತಮ್ಮಾ. ಮಲಗಿದ್ರ ಇದಕ್ಕ ಉಸರ ಬರವಲ್ದು.”

ಹೊಟ್ಟು ತುಂಬಿದ ಚೀಲವೊಂದನ್ನು ಎಳೆದು ತಂದು ಅದರ ಎದೆಗೆ ಆನಿಸಿದಳು. ಮೋತ್ಯಾ ಅದರ ಮೇಲೆ ಮುಂಗಾಲು ಚೆಲ್ಲಿ, ಗದ್ದ ಊರಿ, ಕಣ್ಣು ಮುಚ್ಚಿತು. ಅಥವಾ ಆ ಚೀಲವನ್ನೂ ಈ ದಿಂಬು ನೋಡಿ ನಾನೇ ಅಲ್ಲಿಗೆ ಒಯ್ದು ಇಡುತ್ತಿದ್ದೇನೆಯೇ?

ಮರುದಿನ ನಾನು ಬಸ್ಸು ಹತ್ತಿದೆ. ಮತ್ತೆ ಹೋದಾಗ ಮೋತ್ಯಾ ಇರಲಿಲ್ಲ.

ಈಗಷ್ಟೆ ಮಗಳನ್ನು ಕರೆದು ಮೂರನೆಯ ದಿಂಬನ್ನೂ ಇಡಿಸಿಕೊಂಡೆ. ಒರಗಿದರೆ ಉಸಿರು ಸಲೀಸು. ಆ ಚೀಲದ ಮೇಲೆ ಮೋತ್ಯಾನಿಗೆ ನಿದ್ದೆ ಹತ್ತಿತ್ತೇ? ನನಗೆ ಗೊತ್ತಿಲ್ಲ.